ಎರಡು ತಂತಿಯ ಪುಟ್ಟ ವಿಮಾನ: ಕಟ್ಟುವ ಬಗೆ, ಮೆರುಗು ಕೊಡುವ ಬಗೆ

ಕಂಟ್ರೋಲ್ ಲೈನ್ ವಿಮಾನ ಎಂದರೆ ಹಾರಿಸುವವರ ಕೈಹಿಡಿಗೆ ಎರಡು ತೆಳು ತಂತಿಗಳಿಂದ ಕಟ್ಟಿಕೊಂಡು, ಅವರ ಸುತ್ತ ವೃತ್ತಾಕಾರವಾಗಿ ಹಾರುವ ಮಾದರಿ ವಿಮಾನ. ಇದಕ್ಕೆ ರೇಡಿಯೊ ಬೇಕಿಲ್ಲ. ಹಿಡಿಯನ್ನು ಹಿಂದಕ್ಕೆ ಬಾಗಿಸಿದರೆ ಒಂದು ತಂತಿ ಎಳೆಯುತ್ತದೆ, ಇನ್ನೊಂದು ಸಡಿಲಿಸುತ್ತದೆ. ಆ ಎಳೆತ ರೆಕ್ಕೆಯ ಬುಡದಲ್ಲಿರುವ ಬೆಲ್‌ಕ್ರ್ಯಾಂಕ್ ಎಂಬ ತ್ರಿಕೋನದ ತುಂಡನ್ನು ತಿರುಗಿಸುತ್ತದೆ. ಬೆಲ್‌ಕ್ರ್ಯಾಂಕ್ ಒಂದು ಉಕ್ಕಿನ ಕಡ್ಡಿಯ ಮೂಲಕ ಬಾಲದ ಎಲಿವೇಟರನ್ನು ಮೇಲೆತ್ತುತ್ತದೆ, ವಿಮಾನ ಏರುತ್ತದೆ. ಮುಂದಕ್ಕೆ ಬಾಗಿಸಿದರೆ ಇಳಿಯುತ್ತದೆ. ಎಡಬಲಕ್ಕೆ ತಿರುಗಿಸುವ ಪ್ರಶ್ನೆಯೇ ಇಲ್ಲ, ಆ ಕೆಲಸವನ್ನು ತಂತಿಯೇ ಮಾಡುತ್ತದೆ.

ಈ ಪದ್ಧತಿ ಬೆಳೆದದ್ದು ಅಮೆರಿಕದ ಒರೆಗಾನ್ ರಾಜ್ಯದಲ್ಲಿ. ಪೋರ್ಟ್‌ಲೆಂಡಿನ ಜಿಮ್ ವಾಕರ್ ಇದನ್ನು ‘ಯು-ಕಂಟ್ರೋಲ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದು 1942ರಲ್ಲಿ ಪೇಟೆಂಟ್ ಪಡೆದ. ಅವನ ‘ಫೈರ್‌ಬಾಲ್’ ಕಿಟ್ ಸಾವಿರಾರು ಹುಡುಗರ ಮೊದಲ ವಿಮಾನವಾಯಿತು. ಅದೇ ರಾಜ್ಯದ ಓಬಾ ಸೇಂಟ್ ಕ್ಲೇರ್ 1930ರ ದಶಕದಲ್ಲೇ ಇಂಥದೊಂದು ವಿಮಾನ ಹಾರಿಸಿದ್ದನೆಂಬುದು 1950ರ ದಶಕದಲ್ಲಿ ಪೇಟೆಂಟ್ ವಿವಾದ ನ್ಯಾಯಾಲಯದ ಮೆಟ್ಟಿಲೇರಿದಾಗ ಬೆಳಕಿಗೆ ಬಂತು. ಭಾರತದಲ್ಲಿ ಈ ವಿದ್ಯೆ ಉಳಿದುಕೊಂಡದ್ದು ಹೆಚ್ಚಾಗಿ ಎನ್‌ಸಿಸಿಯ ವಾಯು ವಿಭಾಗದಿಂದ. ಅಲ್ಲಿನ ಕೆಡೆಟ್‌ಗಳಿಗೆ ಏರೋಮಾಡೆಲಿಂಗ್ ತರಬೇತಿಯ ಒಂದು ಭಾಗ. ಬೆಂಗಳೂರಿನ ಜಕ್ಕೂರು ವಿಮಾನನಿಲ್ದಾಣದಲ್ಲಿ ನಡೆದ ವಾಯುಸೈನಿಕ ಶಿಬಿರಗಳಲ್ಲಿ ಬೇರೆ ಬೇರೆ ರಾಜ್ಯಗಳ ಕೆಡೆಟ್‌ಗಳು ಮಾದರಿ ವಿಮಾನಗಳನ್ನು ಹಾರಿಸಿದ್ದಾರೆ.

ಈ ವರ್ಗದಲ್ಲಿ ಅತಿ ಚಿಕ್ಕವು ‘ಹಾಫ್-ಎ’ ವಿಮಾನಗಳು. 0.049 ಘನ ಇಂಚಿನ, ಅಂದರೆ ಸುಮಾರು 0.8 ಸಿಸಿಯ ಎಂಜಿನ್ ಇವಕ್ಕೆ ಸಾಕು. ಕ್ಯಾಲಿಫೋರ್ನಿಯಾದ ಕಾಕ್ಸ್ ಕಂಪನಿಯ ‘ಬೇಬ್ ಬೀ’ ಈ ಅಳತೆಯ ಹೆಸರಾಂತ ಎಂಜಿನ್. ಇಂಧನದ ಪುಟ್ಟ ಡಬ್ಬಿ ಅದರ ಬೆನ್ನಿಗೇ ಅಂಟಿಕೊಂಡಿರುತ್ತದೆ, ಅದನ್ನು ಹಲಗೆಯೊಂದಕ್ಕೆ ನೇರವಾಗಿ ಸ್ಕ್ರೂ ಹಾಕಿ ಕೂರಿಸಬಹುದು. ಬ್ರಿಟನ್ನಿನ ಮಿಲ್ಸ್ 0.75 ಮಾದರಿಯ ಪುಟ್ಟ ಡೀಸೆಲ್ ಎಂಜಿನ್‌ಗಳೂ ಇದೇ ಅಳತೆಯ ವಿಮಾನಗಳಿಗೆ ಹೊಂದುತ್ತವೆ. ಇಂದಿನ ದಿನ ಚಿಕ್ಕ ಬ್ರಷ್‌ಲೆಸ್ ಮೋಟಾರು, ಬ್ಯಾಟರಿ, ಎರಡು ಮೂರು ನಿಮಿಷಕ್ಕೆ ನಿಲ್ಲಿಸುವ ಟೈಮರ್ ಹಾಕುವವರೂ ಇದ್ದಾರೆ. ವಿಮಾನ ಯಾವುದರಿಂದ ಹಾರಿದರೂ ಕಟ್ಟುವ ಕ್ರಮ ಒಂದೇ.

ಇಲ್ಲಿ ವಿವರಿಸುತ್ತಿರುವುದು ಹೊಸಬರಿಗೆ ಹೊಂದುವ ಸರಳ ವಿಮಾನ. ರೆಕ್ಕೆ ತುದಿಯಿಂದ ತುದಿಗೆ 50 ಸೆಂ.ಮೀ., ಅಗಲ 10 ಸೆಂ.ಮೀ., ಒಂದೇ ಹಲಗೆಯದು. ಒಡಲು 38 ಸೆಂ.ಮೀ. ಉದ್ದದ, 10 ಮಿ.ಮೀ. ದಪ್ಪದ ಚಪ್ಪಟೆ ಹಲಗೆ. ಒಟ್ಟು ತೂಕ 170 ಗ್ರಾಂ ದಾಟಬಾರದು. ಆ ಮಿತಿಯನ್ನು ಮೊದಲ ದಿನವೇ ಕೆಲಸದ ಮೇಜಿನ ಮುಂದೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ದೊಡ್ಡ ವಿಮಾನದಲ್ಲಿ 20 ಗ್ರಾಂ ಹೆಚ್ಚಾದರೆ ಯಾರಿಗೂ ತಿಳಿಯುವುದಿಲ್ಲ. ಇಲ್ಲಿ ಅದು ಒಟ್ಟು ತೂಕದ ಎಂಟರಲ್ಲೊಂದು ಪಾಲು. ಪುಟ್ಟ ಎಂಜಿನ್ ಅದನ್ನು ಹೊರಲಾರದೆ ತಂತಿ ಸಡಿಲಾಗುತ್ತದೆ, ತಂತಿ ಸಡಿಲಾದರೆ ಹಿಡಿತವೇ ಹೋಗುತ್ತದೆ. ಆದ್ದರಿಂದ ಕತ್ತಿ, ಗೋಂದುಗಳಿಗಿಂತ ಮೊದಲು ಕೊಳ್ಳಬೇಕಾದದ್ದು ಅಡುಗೆಮನೆಯ ಡಿಜಿಟಲ್ ತಕ್ಕಡಿ. ಒಂದು ಗ್ರಾಂ ತೋರಿಸುವ ತಕ್ಕಡಿ ಸಾಕು.

ಮರ ಆರಿಸುವಾಗಲೇ ಅರ್ಧ ಕೆಲಸ ಮುಗಿಯುತ್ತದೆ. ಮಾದರಿ ವಿಮಾನಗಳ ಮರ ಬಾಲ್ಸಾ, ಹೆಚ್ಚಿನದು ಬರುವುದು ಈಕ್ವೆಡಾರಿನಿಂದ. ಒಂದೇ ಅಂಗಡಿಯ ಒಂದೇ ಕಟ್ಟಿನ ಹಲಗೆಗಳಲ್ಲೂ ತೂಕ ಎರಡು ಪಟ್ಟು ವ್ಯತ್ಯಾಸವಾಗುತ್ತದೆ. 6 ಮಿ.ಮೀ. ದಪ್ಪ, 10 ಸೆಂ.ಮೀ. ಅಗಲ, 91 ಸೆಂ.ಮೀ. ಉದ್ದದ ಹಲಗೆ ಹಗುರದ್ದಾದರೆ 60 ಗ್ರಾಂ, ಗಡುಸಾದದ್ದಾದರೆ 110 ಗ್ರಾಂ ತೂಗಬಹುದು. ರೆಕ್ಕೆಗೂ ಬಾಲಕ್ಕೂ ಹಗುರದ್ದೇ ಬೇಕು. ಒಡಲಿಗೆ ಮಧ್ಯಮ ತೂಕದ್ದಿರಲಿ, ಮೂತಿಯ ಬಳಿ ಎಂಜಿನ್ನಿನ ನಡುಕವನ್ನು ತಾಳುವುದು ಅದೇ. ಮರದ ಎಳೆಯನ್ನೂ ನೋಡಬೇಕು. ಮೇಲ್ಮೈಯಲ್ಲಿ ಹಾವಿನ ಪೊರೆಯಂಥ ಮಿಂಚುವ ಚುಕ್ಕೆಗಳಿರುವ ಹಲಗೆ ಅಡ್ಡಕ್ಕೆ ಬಾಗುವುದಿಲ್ಲ, ಬಾಲದ ತುಂಡುಗಳಿಗೆ ಅದು ಹೇಳಿ ಮಾಡಿಸಿದ್ದು. ಉದ್ದುದ್ದ ಗೆರೆಗಳಿದ್ದು ಸುಲಭವಾಗಿ ಸುರುಳಿಯಾಗುವ ಹಲಗೆಯನ್ನು ಇಲ್ಲಿ ಬಳಸಬಾರದು. ಹಲಗೆಯ ಅಂಚನ್ನು ಕಣ್ಣಿಗೆ ಹಿಡಿದು ಉದ್ದಕ್ಕೆ ನೋಡಿದರೆ ಸೊಟ್ಟಗಿದೆಯೋ ನೆಟ್ಟಗಿದೆಯೋ ಗೊತ್ತಾಗುತ್ತದೆ. ಸೊಟ್ಟ ಹಲಗೆಯನ್ನು ನೆಟ್ಟಗೆ ಮಾಡಿಕೊಳ್ಳುತ್ತೇನೆಂದು ತರುವುದು ಬೇಡ.

ರೆಕ್ಕೆಗೆ ಮರದ ಎಳೆ ತುದಿಯಿಂದ ತುದಿಗೆ ಓಡಬೇಕು. ಹಲಗೆಯನ್ನು ಕತ್ತರಿಸಿದ ಮೇಲೆ ಮುಂದಂಚಿನ ದಪ್ಪದ ಸರಿಯಾದ ಮಧ್ಯದಲ್ಲಿ ಬಾಲ್‌ಪೆನ್ನಿನಿಂದ ಒಂದು ಗೆರೆ ಎಳೆಯಬೇಕು. ಮುಂದಂಚನ್ನು ಆ ಗೆರೆಯತ್ತ ಎರಡೂ ಕಡೆಯಿಂದ ದುಂಡಾಗಿ, ಹಿಂದಂಚನ್ನು 2 ಮಿ.ಮೀ. ದಪ್ಪಕ್ಕೆ ಇಳಿಜಾರಾಗಿ ಉಜ್ಜಬೇಕು. ಅತಿ ದಪ್ಪ ಭಾಗ ಮುಂದಂಚಿನಿಂದ 3 ಸೆಂ.ಮೀ. ಹಿಂದೆ ಇರಲಿ. ಚಿಕ್ಕ ಕೀಸುಳಿ ಇದ್ದರೆ ಕೆಲಸ ಬೇಗ ಸಾಗುತ್ತದೆ. ಇಲ್ಲದಿದ್ದರೆ ನೆಟ್ಟಗಿನ ಮರದ ತುಂಡಿಗೆ 120ರ ಮರಳುಕಾಗದ ಅಂಟಿಸಿದ ಉಜ್ಜುಮಣೆ ಸಾಕು. ಬರಿ ಬೆರಳಿನಲ್ಲಿ ಕಾಗದ ಹಿಡಿದು ಉಜ್ಜಿದರೆ ಬೆರಳಿನ ಗುಳಿಗಳೇ ರೆಕ್ಕೆಯ ಮೇಲೆ ಮೂಡುತ್ತವೆ. ರೇಡಿಯೊ ವಿಮಾನಗಳಂತೆ ರೆಕ್ಕೆಯನ್ನು ನಡುವೆ ಮುರಿದು ಮೇಲಕ್ಕೆ ಬಾಗಿಸುವ ಅಗತ್ಯ ಇಲ್ಲಿಲ್ಲ, ತುದಿಯಿಂದ ತುದಿಗೆ ಸಮತಟ್ಟಾಗಿದ್ದರೆ ಸರಿ.

ಒಡಲಿನ ಹಲಗೆಯಲ್ಲಿ ರೆಕ್ಕೆ ಕೂರುವ ಸೀಳನ್ನೂ ಬಾಲ ಕೂರುವ ಸೀಳನ್ನೂ ಒಂದಕ್ಕೊಂದು ಸಮಾನಾಂತರವಾಗಿ ಕೊರೆಯಬೇಕು. ಎಂಜಿನ್ನಿನ ರೇಖೆ, ರೆಕ್ಕೆ, ಬಾಲ ಮೂರೂ ಒಂದೇ ದಿಕ್ಕು ನೋಡಬೇಕು. ಅದಕ್ಕೆ ಒಡಲಿನ ಮೇಲೆ ಮೊದಲೇ ಒಂದು ಉದ್ದ ಗೆರೆ ಎಳೆದುಕೊಂಡು, ಎಲ್ಲ ಅಳತೆಯನ್ನೂ ಆ ಗೆರೆಯಿಂದಲೇ ತೆಗೆಯಬೇಕು. ಮೂತಿಯ ಎರಡೂ ಬದಿಗೆ 1.5 ಮಿ.ಮೀ. ಪ್ಲೈವುಡ್ ಪಟ್ಟಿಗಳನ್ನು ಅಂಟಿಸಿ, ತುದಿಗೆ 3 ಮಿ.ಮೀ. ಪ್ಲೈವುಡ್ಡಿನ ಎಂಜಿನ್ ಹಲಗೆಯನ್ನು ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟಿನಿಂದ ಕೂರಿಸಿ, ಹಿಂದಿನಿಂದ ತ್ರಿಕೋನದ ಮರದ ಆಸರೆ ಕೊಡಬೇಕು. ಪಟ್ಟನೆ ಹಿಡಿಯುವ ಫೆವಿಕ್ವಿಕ್ಕನ್ನು ಇಲ್ಲಿ ನೆಚ್ಚಬಾರದು. ಅದರ ಬೆಸುಗೆ ಗಾಜಿನಂತೆ ಪೆಡಸು, ಎಂಜಿನ್ ನಡುಕಕ್ಕೆ ಬಿರಿಯುತ್ತದೆ. ಮರಕ್ಕೆ ಮರ ಸೇರುವ ಉಳಿದ ಕಡೆ ಫೆವಿಕಾಲ್ ಚೆನ್ನಾಗಿ ಹಿಡಿಯುತ್ತದೆ. ಆದರೆ ಒಣಗಿದ ಮೇಲೆ ಅದು ರಬ್ಬರಿನಂತಾಗಿ ಮರಳುಕಾಗದಕ್ಕೆ ಬಗ್ಗುವುದಿಲ್ಲ, ಹೊರಗೆ ಉಕ್ಕಿದ್ದನ್ನು ಹಸಿಯಿರುವಾಗಲೇ ಒದ್ದೆ ಬಟ್ಟೆಯಿಂದ ಒರೆಸಿಬಿಡಬೇಕು.

ಬಾಲದ ಅಡ್ಡ ಹಲಗೆ, ಎಲಿವೇಟರ್, ನೆಟ್ಟನೆಯ ರಡ್ಡರ್ ಮೂರನ್ನೂ 3 ಮಿ.ಮೀ. ಹಲಗೆಯಲ್ಲಿ ಮಾಡಬಹುದು. ಎಲಿವೇಟರಿನ ಕೀಲಿಗೆ ದಾರದ ಹೊಲಿಗೆಯಷ್ಟು ಅಗ್ಗವಾದದ್ದೂ ನಂಬಿಕೆಯದ್ದೂ ಬೇರೊಂದಿಲ್ಲ. ಎರಡು ತುಂಡುಗಳ ಅಂಚಿನಲ್ಲಿ ಸೂಜಿಯಿಂದ ತೂತು ಮಾಡಿ, ಗಟ್ಟಿ ನೈಲಾನ್ ದಾರವನ್ನು ಒಂದರ ಮೇಲಿಂದ ಇನ್ನೊಂದರ ಕೆಳಗೆ, ಇಂಗ್ಲಿಷಿನ 8ರ ಆಕಾರದಲ್ಲಿ ಹೊಲಿಯಬೇಕು. ಹೀಗೆ ನಾಲ್ಕು ಕಡೆ ಹೊಲಿದರೆ ಸಾಕು. ವಿಮಾನವನ್ನು ಮೂತಿ ಮೇಲಾಗಿ ಹಿಡಿದಾಗಲೂ ಮಲಗಿಸಿದಾಗಲೂ ಎಲಿವೇಟರ್ ತನ್ನ ಭಾರಕ್ಕೇ ತೂಗಾಡುವಷ್ಟು ಸಡಿಲವಾಗಿರಬೇಕು. ಕೀಲು ಬಿಗಿಯಾದ ಪುಟ್ಟ ವಿಮಾನ ಹಿಡಿಯ ಮಾತು ಕೇಳುವುದಿಲ್ಲ, ಏಕೆಂದರೆ ಅದರ ತಂತಿಯಲ್ಲಿರುವ ಎಳೆತವೇ ಸ್ವಲ್ಪ.

ಆ ಎಳೆತವನ್ನು ಲೆಕ್ಕ ಹಾಕಿ ನೋಡಬಹುದು. 170 ಗ್ರಾಮಿನ ವಿಮಾನ 10.7 ಮೀಟರ್, ಅಂದರೆ 35 ಅಡಿ ತಂತಿಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಸುತ್ತಿದರೆ ನಾಲ್ಕು ಸೆಕೆಂಡಿಗೆ ಒಂದು ಸುತ್ತಾಗುತ್ತದೆ. ಆಗ ಕೈಗೆ ಬೀಳುವ ಎಳೆತ ಸುಮಾರು 450 ಗ್ರಾಂ, ವಿಮಾನದ ತೂಕದ ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು. ವೇಗ ಅರ್ಧಕ್ಕಿಳಿದರೆ ಎಳೆತ ಕಾಲುಭಾಗಕ್ಕೆ ಕುಸಿಯುತ್ತದೆ. ಬೆಲ್‌ಕ್ರ್ಯಾಂಕಿನ ತೂತುಗಳು ಸವೆದಂತೆ ನುಣ್ಣಗಿರಬೇಕು, ಕಡ್ಡಿ ಎಲ್ಲೂ ಉಜ್ಜಬಾರದು ಎಂದು ಅನುಭವಿಗಳು ಒತ್ತಿ ಹೇಳುವುದಕ್ಕೆ ಕಾರಣ ಇದು.

ಬೆಲ್‌ಕ್ರ್ಯಾಂಕನ್ನು ಒಡಲಿಗೆ ಹತ್ತಿದ ಎಡರೆಕ್ಕೆಯ ಮೇಲೆ, ರೆಕ್ಕೆಗೆ ಅಂಟಿಸಿದ ಪ್ಲೈವುಡ್ ತುಂಡಿಗೆ 3 ಮಿ.ಮೀ. ಬೋಲ್ಟಿನಿಂದ ಕೂರಿಸಬೇಕು. ಎಡರೆಕ್ಕೆಯೇ ಏಕೆಂದರೆ ವಾಡಿಕೆಯಂತೆ ವಿಮಾನ ಅಪ್ರದಕ್ಷಿಣವಾಗಿ ಸುತ್ತುತ್ತದೆ, ಹಾರಿಸುವವರ ಕಡೆ ಇರುವುದು ಎಡರೆಕ್ಕೆ. ಬೆಲ್‌ಕ್ರ್ಯಾಂಕಿನಿಂದ ಹೊರಡುವ ಎರಡು ತಂತಿಗಳು ರೆಕ್ಕೆಯ ತುದಿಯಲ್ಲಿ ಒಂದು ಪುಟ್ಟ ಪ್ಲೈವುಡ್ ತುಂಡಿನ ತೂತುಗಳ ಮೂಲಕ ಹೊರಬರುತ್ತವೆ. ಎಲಿವೇಟರಿಗೆ ಹೋಗುವ ಕಡ್ಡಿ 1.5 ಮಿ.ಮೀ. ಉಕ್ಕಿನ ತಂತಿ. ಉದ್ದದಲ್ಲಿ ಅದು ಬಾಗದಂತೆ ನಡುವೆ ಒಂದು ಕಡೆ ಒಡಲಿಗೆ ಆಸರೆಯ ಕೊಂಡಿ ಹಾಕಬೇಕು. ಕಡ್ಡಿ ಸಿಕ್ಕಿಸಲು ಎಲಿವೇಟರಿಗೆ ಕೂರಿಸುವ ತೂತುಗಳ ಪುಟ್ಟ ತುಂಡಿಗೆ ಕೊಂಬು ಎನ್ನುತ್ತಾರೆ. ಕಡ್ಡಿಯನ್ನು ಅದರ ಅತಿ ಹೊರಗಿನ ತೂತಿಗೆ ಸಿಕ್ಕಿಸಿದರೆ ಚಲನೆ ಕಡಿಮೆಯಾಗುತ್ತದೆ. ಮೇಲೆ ಕೆಳಗೆ 15ರಿಂದ 20 ಡಿಗ್ರಿ ಆಡಿದರೆ ಹೊಸಬರಿಗೆ ಬೇಕಾದಷ್ಟಾಯಿತು.

ತಂತಿ ಸದಾ ಬಿಗಿಯಾಗಿರಲು ಮೂರು ಉಪಾಯಗಳಿವೆ. ಎಂಜಿನ್ನಿನ ಎಡಬದಿಯ ಸ್ಕ್ರೂಗಳ ಕೆಳಗೆ ಒಂದು ಮಿ.ಮೀ. ದಪ್ಪದ ವಾಷರ್ ಇಟ್ಟರೆ ಮೂತಿ ಎರಡು ಡಿಗ್ರಿಯಷ್ಟು ವೃತ್ತದ ಹೊರಕ್ಕೆ ತಿರುಗುತ್ತದೆ. ರಡ್ಡರಿನ ಹಿಂದಂಚನ್ನೂ ಸ್ವಲ್ಪ ಬಲಕ್ಕೆ ಬಾಗಿಸಿ ಅಂಟಿಸಬೇಕು. ಬಲರೆಕ್ಕೆಯ ತುದಿಯಲ್ಲಿ 7 ಗ್ರಾಂ ಸೀಸವನ್ನು ಹುದುಗಿಸಬೇಕು, ಎಡರೆಕ್ಕೆ ಹೊತ್ತ ತಂತಿಯ ಭಾರಕ್ಕೆ ಅದು ಸಮ. ಮೀನು ಹಿಡಿಯುವವರು ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳು ಇದಕ್ಕೆ ಸೊಗಸಾಗಿ ಒದಗುತ್ತವೆ.

ಇನ್ನು ಮೆರುಗಿನ ಕೆಲಸ. ಹಲವರು ಇಲ್ಲೇ ಎಡವುತ್ತಾರೆ. ನೋಟ ಚೆಂದವಾಗಲೆಂದು ಬಳಿದ ಬಣ್ಣ ವಿಮಾನವನ್ನು ನೆಲಕ್ಕೆ ಕಟ್ಟಿಹಾಕುತ್ತದೆ. ಈ ಅಳತೆಯ ವಿಮಾನಕ್ಕೆ ಸೀಲರ್, ಕಾಗದ, ಬಣ್ಣ ಎಲ್ಲ ಸೇರಿ 12 ಗ್ರಾಂ ಮೀರದಿದ್ದರೆ ಕೆಲಸ ಗೆದ್ದಂತೆ. ಮೆರುಗಿನ ಮೊದಲ ಉದ್ದೇಶ ಮರವನ್ನು ಎಣ್ಣೆಯಿಂದ, ತೇವದಿಂದ, ಸೀಳಿನಿಂದ ಕಾಪಾಡುವುದು. ಹೊಳಪು ಅದರ ಜೊತೆ ತಾನಾಗಿ ಬರಬೇಕು.

ಮೊದಲು ಉಜ್ಜುವುದು. ಎಲ್ಲ ಭಾಗಗಳನ್ನೂ ಜೋಡಿಸುವ ಮುಂಚೆ 180, ಆಮೇಲೆ 320ರ ಕಾಗದದಿಂದ ಎಳೆಯ ದಿಕ್ಕಿನಲ್ಲೇ ಉಜ್ಜಬೇಕು. ಉಗುರು ತಾಗಿ ಬಿದ್ದ ತಗ್ಗುಗಳನ್ನು ಪುಟ್ಟಿ ತುಂಬಿ ಮುಚ್ಚುವ ಅಗತ್ಯವಿಲ್ಲ. ಒಂದು ಹನಿ ನೀರು ಬಿಟ್ಟು ಸ್ವಲ್ಪ ಹೊತ್ತು ಕಾದರೆ ಅದುಮಿದ ಬಾಲ್ಸಾ ತಾನೇ ಉಬ್ಬಿ ಮೇಲೇಳುತ್ತದೆ. ಒಣಗಿದ ಮೇಲೆ ಒಮ್ಮೆ ಕೈಯಾಡಿಸಿದರೆ ಗುರುತೂ ಉಳಿಯದು. ಬಾಲ್ಸಾದ ದೂಳು ಶ್ವಾಸಕ್ಕೆ ಕೆಟ್ಟದ್ದು, ಮೂಗಿಗೆ ಮಾಸ್ಕ್ ಇರಲಿ.

ಹಳೆಯ ಪುಸ್ತಕಗಳು ಹೇಳುವ ‘ಡೋಪ್’ ಎಂದರೆ ನೈಟ್ರೋಸೆಲ್ಯುಲೋಸ್ ದ್ರಾವಣ. ಪೀಠೋಪಕರಣಕ್ಕೆ ಪಾಲಿಶ್ ಹೊಡೆಯುವವರು ಬಳಸುವ ಎನ್.ಸಿ. ಸೀಲರ್, ಎನ್.ಸಿ. ಲ್ಯಾಕರ್ ಅದೇ ಕುಲದವು, ಯಾವ ಊರಿನ ಪೇಂಟ್ ಅಂಗಡಿಯಲ್ಲೂ ಸಿಗುತ್ತವೆ. ಸೀಲರಿಗೆ ಅಷ್ಟೇ ಪ್ರಮಾಣದ ಥಿನ್ನರ್ ಬೆರೆಸಿ ಮೃದು ಬ್ರಷ್ಷಿನಿಂದ ತೆಳ್ಳಗೆ ಬಳಿಯಬೇಕು. ಮೊದಲ ಕೋಟು ಒಣಗಿದಾಗ ಮರದ ಮೇಲೆ ಗಡ್ಡದಂತೆ ನಾರು ಎದ್ದು ನಿಲ್ಲುತ್ತದೆ. ಅದನ್ನು 320ರಿಂದ ಉಜ್ಜಿ ತೆಗೆದು ಎರಡನೆಯ ಕೋಟು ಕೊಡಬೇಕು. ಈ ಸಲ ಉಜ್ಜಿದಾಗ ಬಿಳಿ ಹಿಟ್ಟು ಉದುರುತ್ತದೆ. ಮರ ಮತ್ತೆ ಕಾಣತೊಡಗುವವರೆಗೂ ಉಜ್ಜಬೇಕು. ಹಾಗೆ ಉಜ್ಜಿದರೆ ಸೀಲರ್ ಮರದ ರಂಧ್ರಗಳಲ್ಲಿ ಮಾತ್ರ ಉಳಿಯುತ್ತದೆ, ಮೇಲಿನ ಅನಗತ್ಯ ಭಾರವೆಲ್ಲ ದೂಳಾಗಿ ಹೋಗುತ್ತದೆ.

ಮುಂದಿನದು ಟಿಶ್ಯೂ ಕಾಗದ. ಬಾಲ್ಸಾ ಎಳೆಯ ಉದ್ದಕ್ಕೆ ಸುಲಭವಾಗಿ ಸೀಳುತ್ತದೆ. ಅದರ ಮೇಲೊಂದು ಪದರ ಕಾಗದ ಬಿದ್ದರೆ ಆ ಸೀಳು ಅಲ್ಲೇ ನಿಲ್ಲುತ್ತದೆ. ಮೂರ್ನಾಲ್ಕು ಗ್ರಾಮಿಗೆ ಸಿಗುವ ಇಷ್ಟು ಬಲ ಬೇರೆ ಯಾವುದರಿಂದಲೂ ಸಿಗದು. ಕಾಗದವನ್ನು ರೆಕ್ಕೆಯ ಮೇಲೆ ಒಣದಾಗಿಯೇ ಹಾಸಿ, ತೆಳು ಲ್ಯಾಕರನ್ನು ಅದರ ಮೇಲೆ ನಡುವಿನಿಂದ ಅಂಚಿನತ್ತ ಬಳಿಯುತ್ತ ಹೋಗಬೇಕು. ಲ್ಯಾಕರ್ ಕಾಗದದ ಮೂಲಕ ಇಳಿದು ಕೆಳಗಿನ ಸೀಲರನ್ನು ಮೆತ್ತಗೆ ಮಾಡಿ ಹಿಡಿದುಕೊಳ್ಳುತ್ತದೆ. ಸುಕ್ಕನ್ನು ಬೆರಳಿನಿಂದ ಹೊರಕ್ಕೆ ತಳ್ಳಬೇಕು. ಮೇಲ್ಭಾಗ ಮುಗಿದ ದಿನವೇ ಕೆಳಭಾಗವನ್ನೂ ಮುಗಿಸಬೇಕು. ಲ್ಯಾಕರ್ ಒಣಗುತ್ತ ಕುಗ್ಗುತ್ತದೆ, ಒಂದೇ ಬದಿಗೆ ಹಚ್ಚಿ ಬಿಟ್ಟ ರೆಕ್ಕೆ ಬೆಳಗಾಗುವುದರೊಳಗೆ ಹಪ್ಪಳದಂತೆ ಸೊಟ್ಟಗಾಗಿರುತ್ತದೆ. ಲ್ಯಾಕರಿಗೆ ಕೆಲವು ಹನಿ ಹರಳೆಣ್ಣೆ ಬೆರೆಸಿದರೆ ಕುಗ್ಗುವುದೂ ಬಿರಿಯುವುದೂ ಕಡಿಮೆಯಾಗುತ್ತದೆ.

ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆಗಾಲದಲ್ಲಿ ಈ ಕೆಲಸ ಹಿಡಿದವರಿಗೆ ಇನ್ನೊಂದು ತೊಂದರೆ ಎದುರಾಗುತ್ತದೆ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುತ್ತದೆ, ಲ್ಯಾಕರ್ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರನ್ನು ಸ್ವಲ್ಪ ಬೆರೆಸಿ ಮತ್ತೊಂದು ತೆಳು ಕೋಟು ಕೊಟ್ಟರೆ ಆ ಬಿಳುಪು ಕರಗುತ್ತದೆ. ಬಿಸಿಲು ಬಿದ್ದ ಮಧ್ಯಾಹ್ನಕ್ಕೆ ಕಾಯುವುದು ಅದಕ್ಕಿಂತ ಒಳ್ಳೆಯ ಉಪಾಯ. ಥಿನ್ನರಿನ ಆವಿ ಬೇಗ ಬೆಂಕಿ ಹಿಡಿಯುತ್ತದೆ. ಒಲೆ, ದೀಪ, ಊದುಬತ್ತಿ ಯಾವುದೂ ಹತ್ತಿರ ಇರಬಾರದು, ಕಿಟಕಿಗಳು ತೆರೆದಿರಬೇಕು.

ಬಣ್ಣಕ್ಕೆ ಅತಿ ಹಗುರ ದಾರಿ ಎಂದರೆ ಬಣ್ಣವನ್ನೇ ಹಚ್ಚದಿರುವುದು. ಮೇಲೆ ಹಾಸುವ ಟಿಶ್ಯೂ ಕಾಗದವೇ ಕೆಂಪೋ ಹಳದಿಯೋ ಆಗಿದ್ದರೆ ತೂಕ ಒಂದಿಷ್ಟೂ ಹೆಚ್ಚುವುದಿಲ್ಲ. ಪಟ್ಟೆ, ನಕ್ಷತ್ರ, ಸಂಖ್ಯೆಗಳನ್ನೂ ಬೇರೆ ಬಣ್ಣದ ಕಾಗದದಲ್ಲಿ ಕತ್ತರಿಸಿ ಲ್ಯಾಕರಿನಿಂದ ಅಂಟಿಸಬಹುದು. ಕಾಗದದ ಬಣ್ಣ ಲ್ಯಾಕರಿಗೆ ಬಿಡುತ್ತದೆಯೇ ಎಂದು ಮೊದಲು ಒಂದು ಚೂರಿನಲ್ಲಿ ನೋಡಿಕೊಳ್ಳಬೇಕು. ಪೇಂಟೇ ಬೇಕೆನ್ನುವವರು ಬೆಳ್ಳಿಬಣ್ಣ ಆರಿಸಲಿ, ಅದರ ಅಲ್ಯೂಮಿನಿಯಂ ಪುಡಿ ಒಂದೇ ತೆಳು ಕೋಟಿನಲ್ಲಿ ಕೆಳಗಿನದನ್ನು ಮುಚ್ಚುತ್ತದೆ. ಬಿಳಿ, ಹಳದಿಗಳಿಗೆ ಕೋಟಿನ ಮೇಲೆ ಕೋಟು ಬೇಕಾಗುತ್ತದೆ.

ಕೊನೆಯ ಪದರ ಇಂಧನವನ್ನು ತಡೆಯುವಂಥದ್ದು. ಕಾಕ್ಸ್‌ನಂಥ ಗ್ಲೋ ಎಂಜಿನ್ ಕುಡಿಯುವುದು ಮೆಥನಾಲ್, ನೈಟ್ರೋಮೀಥೇನ್, ಹರಳೆಣ್ಣೆಗಳ ಮಿಶ್ರಣ. ಅದು ಎನ್.ಸಿ. ಲ್ಯಾಕರನ್ನು ಅಂಟಂಟು ಮಾಡುತ್ತದೆ. ಕಾರುಗಳಿಗೆ ಹೊಡೆಯುವ ಎರಡು ಡಬ್ಬಿಯ ಪಿಯು ಕ್ಲಿಯರ್ ಇದಕ್ಕೆ ತಕ್ಕುದು. ಲ್ಯಾಕರ್ ಪೂರ್ತಿ ಒಣಗಿದ ಮೇಲೆ, ಮೊದಲು ರದ್ದಿ ತುಂಡಿನ ಮೇಲೆ ಪರೀಕ್ಷಿಸಿ, ಒಂದೇ ತೆಳು ಕೋಟು ಹೊಡೆಯಬೇಕು. ಅದರ ಹಾರ್ಡನರ್ ಶ್ವಾಸಕೋಶಕ್ಕೆ ಅಪಾಯಕಾರಿ, ಬಟ್ಟೆಯ ಮಾಸ್ಕ್ ಸಾಲದು. ಕಾರಿಗೆ ಬಣ್ಣ ಹೊಡೆಯುವ ಗ್ಯಾರೇಜಿನಲ್ಲೇ ಇದನ್ನು ಮಾಡಿಸಿಕೊಳ್ಳುವುದು ಜಾಣತನ. ಎಂಜಿನ್ ಕೂರುವ ಜಾಗಕ್ಕೆ ಮಾತ್ರ ಥಿನ್ನರ್ ಬೆರೆಸಿದ ಎಪಾಕ್ಸಿಯನ್ನು ಎರಡು ಸಲ ಹಚ್ಚಬೇಕು. ಎಣ್ಣೆ ಕುಡಿದ ಬಾಲ್ಸಾ ಮೆತ್ತಗಾಗಿ, ಮತ್ತೆ ಯಾವ ಗೋಂದನ್ನೂ ಹಿಡಿಸಿಕೊಳ್ಳುವುದಿಲ್ಲ. ವಿದ್ಯುತ್ ಮೋಟಾರಿನ ವಿಮಾನಕ್ಕೆ ಈ ಎರಡೂ ಬೇಡ, ಅಷ್ಟು ಗ್ರಾಂ ಉಳಿತಾಯ.

ಎಂಜಿನ್, ಗಾಲಿ ಎಲ್ಲವನ್ನೂ ಕೂರಿಸಿದ ಮೇಲೆ ರೆಕ್ಕೆಯ ಮುಂದಂಚಿನಿಂದ 2 ಸೆಂ.ಮೀ. ಹಿಂದೆ ಎರಡು ಬೆರಳುಗಳ ಮೇಲೆ ವಿಮಾನವನ್ನು ನಿಲ್ಲಿಸಿ ನೋಡಬೇಕು. ಸಮವಾಗಿ ನಿಂತರೆ ಸರಿ. ಬಾಲ ಜೋತರೆ ಮೂತಿಗೆ ಸೀಸ ಸೇರಿಸಲೇಬೇಕು, ಬಾಲ ಭಾರವಾದ ವಿಮಾನವನ್ನು ಪಳಗಿದವರೂ ಹಿಡಿಯಲಾರರು. ರೆಕ್ಕೆತುದಿಯಲ್ಲಿ ತಂತಿ ಹೊರಬರುವ ಜಾಗ ಈ ಬಿಂದುವಿಗಿಂತ ಒಂದು ಸೆಂ.ಮೀ.ನಷ್ಟು ಹಿಂದಿರಬೇಕು.

ಹಾರಿಸುವ ತಂತಿ 0.3 ಮಿ.ಮೀ. ಹೆಣೆದ ಉಕ್ಕಿನದ್ದು, ಅಥವಾ ಡೇಕ್ರಾನ್ ದಾರ. ಎರಡರ ಉದ್ದವೂ ಒಂದೇ ಇರಬೇಕು, ಹಿಡಿ ನೆಟ್ಟಗಿದ್ದಾಗ ಎಲಿವೇಟರ್ ಸಮತಟ್ಟಾಗಿ ನಿಲ್ಲಬೇಕು. ಹಿಡಿಯ ಮೇಲ್ಭಾಗಕ್ಕೆ ಕೆಂಪು ಬಣ್ಣ ಬಳಿದು, ಪ್ರತಿ ಹಾರಾಟಕ್ಕೂ ಮುನ್ನ ಹಿಂದಕ್ಕೆ ಬಾಗಿಸಿದಾಗ ಎಲಿವೇಟರ್ ಮೇಲೇಳುತ್ತದೆಯೇ ಎಂದು ನೋಡಬೇಕು. ತಂತಿ ತಲೆಕೆಳಗಾಗಿ ಸಿಕ್ಕಿಸಿದ ಒಂದೇ ತಪ್ಪಿಗೆ ವಾರಗಳ ಕೆಲಸ ಮೊದಲ ಸೆಕೆಂಡಿನಲ್ಲೇ ನುಚ್ಚುನೂರಾಗುತ್ತದೆ. ಆಮೇಲೆ ವಿಮಾನವನ್ನು ಒಬ್ಬರು ಹಿಡಿದುಕೊಂಡು ಇನ್ನೊಬ್ಬರು ಹಿಡಿಯ ಕಡೆಯಿಂದ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಸುಮಾರು 1.7 ಕೆ.ಜಿ., ಅಂದರೆ ವಿಮಾನದ ಹತ್ತು ಪಟ್ಟು ತೂಕ ತೋರುವವರೆಗೆ ಎಳೆಯಬೇಕು. ಯಾವ ಗಂಟೂ ಜಾರಬಾರದು, ಬೆಲ್‌ಕ್ರ್ಯಾಂಕ್ ಅಲುಗಬಾರದು. ಹಿಡಿಗೆ ಕಟ್ಟಿದ ಬಾರು ಮಣಿಕಟ್ಟಿನಲ್ಲಿರಬೇಕು, ಕೈ ಜಾರಿದರೂ ವಿಮಾನ ಜನರ ಮೇಲೆ ಹಾರಿಹೋಗದು.

ಮೊದಲ ಹಾರಾಟಕ್ಕೆ ಹುಲ್ಲಿನ ಮೈದಾನ, ಸಣ್ಣ ಗಾಳಿ. ಗಾಳಿ ಹಾರಿಸುವವರ ಬೆನ್ನಿನಿಂದ ವಿಮಾನದತ್ತ ಬೀಸುವ ಜಾಗದಲ್ಲಿ ವಿಮಾನವನ್ನು ಬಿಟ್ಟರೆ ತಂತಿ ಮೊದಲಿನಿಂದಲೇ ಬಿಗಿಯಾಗಿರುತ್ತದೆ. ಮಣಿಕಟ್ಟನ್ನು ಆಡಿಸದೆ ತೋಳನ್ನು ನೀಡಿಕೊಂಡು ಭುಜದಿಂದ ಹಿಡಿಯನ್ನು ನಡೆಸಬೇಕು. ತಲೆ ಸುತ್ತದಿರಲು ಕಣ್ಣು ವಿಮಾನದ ಮೇಲೆಯೇ ನೆಟ್ಟಿರಲಿ, ಹಿಂದೆ ಓಡುವ ಮರಗಳ ಮೇಲಲ್ಲ. ಮೈದಾನದ ಅಂಚಿನಲ್ಲಿ ವಿದ್ಯುತ್ ಕಂಬವಿದ್ದರೆ ಆ ದಿನ ಅಲ್ಲಿ ಹಾರಿಸುವುದೇ ಬೇಡ. ತಂತಿ ಉಕ್ಕಿನದ್ದು, ಒದ್ದೆಯಾದರೆ ಡೇಕ್ರಾನ್ ದಾರವನ್ನೂ ನಂಬುವಂತಿಲ್ಲ, ಅದರ ಇನ್ನೊಂದು ತುದಿ ಮನುಷ್ಯನ ಕೈಯಲ್ಲಿರುತ್ತದೆ. ಸುತ್ತ ಕನಿಷ್ಠ ಇನ್ನೂರು ಅಡಿಯೊಳಗೆ ವಿದ್ಯುತ್ ತಂತಿ ಇಲ್ಲದ, ಗುಡುಗು ಮೋಡವಿಲ್ಲದ ದಿನದ ಬಯಲನ್ನೇ ಹುಡುಕಿಕೊಂಡು ಹೋಗಿ.